ಕೊಸರಿಗೆ ಬಂದ ಕಿವಿ

ನಮ್ಮ ಅಪ್ಪನಿಗೆ ಎತ್ತು ಕೊಳ್ಳುವ ಪದ್ಧತಿಯೊಂದನ್ನು ಬಿಟ್ಟರೆ ಬೇರೆ ವ್ಯಾಪಾರ ಗೊತ್ತಿರಲಿಲ್ಲ. ಛತ್ರಿ ಕೊಂಡರೂ ಎತ್ತು ಕೊಂಡಂತೆಯೇ ಕೊಳ್ಳುತ್ತಿದ್ದ. ಮೊದಲು ದೂರ ನಿಂತು ನೋಡುವುದು, ಆಮೇಲೆ ಒಂದು ಸುತ್ತು ಹಾಕುವುದು, ಬೆನ್ನು ಸವರುವುದು, ಬೇಡವೆಂದು ಬೀದಿಯವರೆಗೆ ಹೋಗಿ ತಿರುಗಿ ಬರುವುದು. ಗಜೇಂದ್ರಗಡದ ಪೇಟೆಯವರಿಗೆಲ್ಲ ಇದು ಗೊತ್ತಿತ್ತು. ಅವನು ಅಂಗಡಿಯ ಮೆಟ್ಟಿಲು ಹತ್ತಿದನೆಂದರೆ ಮೊದಲು ಚಹಾಕ್ಕೆ ಹೇಳಿ ಕಳಿಸುತ್ತಿದ್ದರು, ಯಾಕೆಂದರೆ ಅದು ಅರ್ಧ ದಿನದ ಕೆಲಸ. ಇಂಥ ಮನುಷ್ಯನನ್ನು ಕಟ್ಟಿಕೊಂಡು ನಾನು ನರಗುಂದಕ್ಕೆ ಹಳೆಯ ಆಂಪ್ಲಿಫಾಯರ್ ಕೊಳ್ಳಲು ಹೋದೆ.

ಐವತ್ತರ ದಶಕದ ನಡುವಿನ ಮಾತು. ನಮ್ಮ ಹೊಲ ಪುರ್ತಗೇರಿಯಲ್ಲಿ, ಮನೆ ಗಜೇಂದ್ರಗಡದಲ್ಲಿ, ನನ್ನ ನೌಕರಿ ರೋಣದ ಶಾಲೆಯಲ್ಲಿ. ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು ಮನೆಗೆ ಬರುತ್ತಿದ್ದೆ. ಮನೆಯಲ್ಲಿ ಅಪ್ಪ, ಅವ್ವ, ಮತ್ತು ಅಪ್ಪನ ತಾಯಿ, ಅಂದರೆ ನಮ್ಮ ಆಯಿ. ಆಯಿ ದಿನವೆಲ್ಲ ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಬೆಕ್ಕು ಕೂಡ ಒಳಗೆ ಹೋಗುವಂತಿರಲಿಲ್ಲ.

ನನಗೆ ನೌಕರಿ ಹತ್ತಿದರೆ ಇಟಗಿಯ ಗುಡಿಗೆ ನಡೆದುಕೊಂಡು ಬರುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ನೌಕರಿ ಹತ್ತಿದ ಮರುವರ್ಷ, ಬೇಸಿಗೆಯಲ್ಲಿ, ಹೊರಟು ನಿಂತಳು. “ಬಿಸಲು ಭಾಳ ಐತಿ, ಈಗ ಬ್ಯಾಡ. ಒಂದ ಮಳಿ ಬೀಳ್ಲಿ, ನಾನ ಚಕ್ಕಡಿ ಕಟ್ಟಿ ಕರಕೊಂಡು ಹೋಗ್ತೀನಿ” ಎಂದು ಅಪ್ಪ ಹೇಳಿದ. ನಡೆದು ಹೋಗುವ ಹರಕೆಯನ್ನು ಚಕ್ಕಡಿಯಲ್ಲಿ ತೀರಿಸುವುದು ಹೇಗೆ? ಅಪ್ಪ ಹೊಲಕ್ಕೆ ಹೋದ ಹೊತ್ತು ನೋಡಿ ಅವ್ವ ಓಣಿಯ ಹೆಂಗಸರ ಜೊತೆ ಹೊರಟೇಬಿಟ್ಟಳು. ಹರಕೆ ತೀರಿತು. ಮನೆಗೆ ಬಂದ ಮರುದಿನ ಜ್ವರ ಬಂತು, ಮೈಮೇಲೆ ಎಚ್ಚರವಿಲ್ಲದಂಥ ಜ್ವರ. ಅಂತೂ ಜೀವ ಉಳಿಯಿತು. ಜ್ವರ ಬಿಟ್ಟು ಹೋಗುವಾಗ ಅವಳ ಕಿವಿಯನ್ನೂ ಒಯ್ದಿತು. ಪೂರ್ತಿ ಹೋಗಿಲ್ಲ, ಆದರೆ ಹೋದಷ್ಟು ಇನ್ನು ತಿರುಗಿ ಬರುವುದಿಲ್ಲ ಎಂದು ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರರು ಹೇಳಿದರು. ಕಿವಿಯ ಹತ್ತಿರ ಬಾಯಿಟ್ಟು ಒದರಿದರೆ ಅವಳಿಗೆ ಕೇಳುತ್ತಿತ್ತು.

ಮನೆಯಲ್ಲಿ ಎಲ್ಲರೂ ಒದರಲು ಕಲಿತೆವು. ಆಯಿಗಂತೂ ಕಲಿಯುವ ಅಗತ್ಯವೇ ಇರಲಿಲ್ಲ. ಅಪ್ಪ ಮಾತ್ರ ಕಲಿಯಲಿಲ್ಲ.

ಅದಕ್ಕೆ ಕಾರಣವಿತ್ತು. ಆ ಕಾಲದಲ್ಲಿ ಹಿರಿಯರೆದುರು ಗಂಡ ಹೆಂಡತಿಯೊಡನೆ ಮಾತಾಡುವುದೆಂದರೆ ಒಂದು ಸಣ್ಣ ಕಳವು ಮಾಡಿದಂತೆ. ಅಪ್ಪ ಸಂಜೆ ಹೊಲದಿಂದ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಬಡಿತದ ಸಪ್ಪಳದ ಮರೆಯಲ್ಲಿ ಅವರಿಬ್ಬರ ಮಾತು ನಡೆಯುತ್ತಿತ್ತು. ಎತ್ತಿನ ಕಾಲಿನ ಗಾಯವೋ, ಸಂತೆಯಲ್ಲಿ ಕಂಡ ಬೀಗರೋ, ಯಾರ ಮನೆಯ ಜಗಳವೋ, ಪಡಸಾಲೆಯಲ್ಲಿದ್ದ ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ನಡುನಡುವೆ ಬಡಿತ ನಿಂತು ಅವ್ವ ನಕ್ಕದ್ದಷ್ಟೇ ಕೇಳುತ್ತಿತ್ತು. ಆಗ ಆಯಿ ಬೇಕೆಂದೇ ಕೆಮ್ಮುತ್ತಿದ್ದಳು.

ಕಿವಿ ಹೋದ ಮೇಲೆ ಅದನ್ನೆಲ್ಲ ಒದರಿ ಹೇಳಬೇಕಾಯಿತು. ಆಯಿ ಕೇಳಬೇಕು, ಓಣಿ ಕೇಳಬೇಕು, ಪಕ್ಕದ ಮನೆಯಲ್ಲಿ ಮಗ್ಗಕ್ಕೆ ಕೂತವನು ಲಾಳಿ ನಿಲ್ಲಿಸಿ ಕೇಳಬೇಕು. ಅಪ್ಪ ಬಾಯಿಗೆ ಬೀಗ ಹಾಕಿಕೊಂಡ. ಬಾಗಿಲಿಗೆ ಬಂದು ನಿಲ್ಲುವುದನ್ನೂ ಬಿಟ್ಟ. ನೀರು ಬೇಕಾದರೆ ತಂಬಿಗೆ ತೋರಿಸುತ್ತಿದ್ದ, ಸಾಕಾದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ಊಟಕ್ಕೆ ಬಡಿಸಿ ಅವ್ವ ಅವನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅವನು ತಾಟು ನೋಡುತ್ತಿದ್ದ. ನಾನು ಶನಿವಾರ ಬಂದಾಗ ಅವ್ವ ನನ್ನನ್ನು ಹಿತ್ತಲಿಗೆ ಕರೆದು ಕೇಳುತ್ತಿದ್ದಳು: “ನಿಮ್ಮಪ್ಪ ನಿನ್ನ ಮುಂದ ಏನರ ಅಂದ್ರೇನು?”

“ಏನೂ ಅಂದಿಲ್ಲಬೇ!” ಎಂದು ನಾನು ಒದರುತ್ತಿದ್ದೆ.

ಅದನ್ನು ಕೇಳಿದರೆ ಅವಳು ಸಮಾಧಾನಪಡಬೇಕಿತ್ತು ಎಂದು ನನ್ನ ಎಣಿಕೆ. ಅವಳ ಮುಖ ಇನ್ನಷ್ಟು ಸಪ್ಪಗಾಗುತ್ತಿತ್ತು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಮರುಕ್ಷಣ ಅಯ್ಯೋ ಪಾಪ ಎನಿಸುತ್ತಿತ್ತು. ಒಂದೇ ಸೂರಿನ ಕೆಳಗೆ ಇಬ್ಬರೂ ಒಬ್ಬೊಬ್ಬರೇ ಆಗಿದ್ದರು.

ಮನೆಯಲ್ಲಿ ಒಂದು ಗ್ರಾಮಫೋನ್ ಇತ್ತು, ನಾನು ಹೊಸ ನೌಕರಿಯ ಸೊಕ್ಕಿನಲ್ಲಿ ತಂದದ್ದು. ಮೊದಲ ವರ್ಷ ಅದಕ್ಕೆ ಕೀಲಿ ಕೊಡುವ ಹಕ್ಕನ್ನು ಅವ್ವ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಈಗ ಅದರ ಮೇಲೆ ಹಪ್ಪಳದ ಡಬ್ಬಿ ಕೂತಿತ್ತು. ಆ ಡಬ್ಬಿ ಕಂಡಾಗೆಲ್ಲ ನನಗೆ ಅನಿಸುತ್ತಿತ್ತು: ಅವ್ವನಿಗೆ ಹಾಡಾದರೂ ಕೇಳುವಂತೆ ಮಾಡಬೇಕು. ಹಾಡು ಕೇಳಿದರೆ ಅವಳು ನಕ್ಕಾಳು, ನಕ್ಕರೆ ಅಪ್ಪ ಬಾಗಿಲಿಗೆ ಬಂದಾನು. ನನ್ನ ಲೆಕ್ಕ ಇಷ್ಟೇ.

ರೋಣದಲ್ಲಿ ನನ್ನ ಜೊತೆಯ ಮಾಸ್ತರರೊಬ್ಬರು ನರಗುಂದದವರು. ಅವರ ಊರಲ್ಲಿ ಮದುವೆಗೆ, ಸಭೆಗೆ ಭೋಂಗಾ, ಅಂದರೆ ತುತ್ತೂರಿಯಂಥ ದೊಡ್ಡ ಲೌಡ್‌ಸ್ಪೀಕರು, ಬಾಡಿಗೆ ಕೊಡುವವನೊಬ್ಬ ಹಳೆಯ ಸಾಮಾನು ಮಾರಾಟಕ್ಕೆ ಇಟ್ಟಿದ್ದಾನೆ, ಅದರಲ್ಲಿ ಬ್ಯಾಟರಿಯ ಮೇಲೆ ನಡೆಯುವ ಆಂಪ್ಲಿಫಾಯರೂ ಇದೆ ಎಂದು ಅವರೇ ಸುದ್ದಿ ಹೇಳಿದರು. ನಮ್ಮ ಮನೆಗೆ ಆಗ ಕರೆಂಟು ಬಂದಿರಲಿಲ್ಲ, ಹಾಗಾಗಿ ನನ್ನ ಕಿವಿ ನೆಟ್ಟಗಾಯಿತು. ಗ್ರಾಮಫೋನಿನ ಮುಂದೆ ಮೈಕು ಇಟ್ಟು ಆಂಪ್ಲಿಫಾಯರಿನಿಂದ ದನಿ ದೊಡ್ಡದು ಮಾಡಿದರೆ ಅವ್ವನಿಗೆ ಕೇಳದೆ ಎಲ್ಲಿ ಹೋಗುತ್ತದೆ? ಕೆಟ್ಟ ರೇಡಿಯೊ ಒಂದರ ಸ್ಪೀಕರನ್ನು ಬಿಚ್ಚಿಸಿ ಮನೆಗೆ ತಂದೂ ಇಟ್ಟೆ.

ಅಪ್ಪನಿಗೆ ವಿಷಯ ಹೇಳಿದೆ. ಅವನು ಆ ಯಂತ್ರ ಏನು ಮಾಡುತ್ತದೆ ಎಂದು ಕೇಳಲಿಲ್ಲ. “ನಿಮ್ಮವ್ವಗ ಕೇಳಸ್ತೈತೇನು?” ಎಂದಷ್ಟೇ ಕೇಳಿದ.

“ಕೇಳಸ್ತೈತಿ.”

ಎದ್ದು ರುಮಾಲು ಸುತ್ತತೊಡಗಿದ. “ನಾನೂ ಬರ್ತೀನಿ ನಡಿ. ನಿನಗ ಹಲ್ಲ ಹಿಡದ ನೋಡಾಕ ಬರೂದಿಲ್ಲ, ಮಂದಿ ಟೋಪಿ ಹಾಕ್ತಾರ.”

ನರಗುಂದದ ಅಂಗಡಿ ಗುಡ್ಡದ ಬುಡದ ಓಣಿಯಲ್ಲಿತ್ತು. ಅಂಗಡಿಯವನು ಅಪ್ಪನ ವಾರಿಗೆಯವನೇ, ತಂಬಾಕು ತಿಕ್ಕುತ್ತ ಎಲ್ಲದಕ್ಕೂ ನಗುವ ಮನುಷ್ಯ. ಮೇಜಿನ ಮೇಲೆ ಒಂದು ಸಣ್ಣ ಕಬ್ಬಿಣದ ಡಬ್ಬಿ ಇಟ್ಟ. ಮುಂದೆ ಎರಡು ತಿರುಗಣಿ, ಮೇಲೆ ಜಾಳಿಗೆಯ ಮುಚ್ಚಳ, ಒಳಗೆ ಹೆಬ್ಬೆರಳಿನಷ್ಟು ಗಾಜಿನ ವಾಲ್ವುಗಳು. ಪಕ್ಕದಲ್ಲಿ ಮೈಕು. ಮೈಕಿನ ಮುಂದೆ ಬಾಯಿಟ್ಟು “ಹಲೋ” ಎಂದ. ಬಾಗಿಲ ಮೇಲೆ ಕಟ್ಟಿದ ಭೋಂಗಾ ಎಷ್ಟು ಜೋರಾಗಿ ಒದರಿತೆಂದರೆ ಎದುರಿನ ಮಾಳಿಗೆಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಅಪ್ಪನ ಕಣ್ಣು ಅರಳಿತು; ಕೂಡಲೇ ಅದನ್ನು ಸಣ್ಣದು ಮಾಡಿಕೊಂಡ. ದೂರ ನಿಂತು ನೋಡಿದ. ಸುತ್ತು ಹಾಕಿದ. ಡಬ್ಬಿಯ ಬೆನ್ನು ಸವರಿ, ಎತ್ತಿ, ತಳ ನೋಡಿ, ಮೂಸಿಯೂ ನೋಡಿದ.

“ಹಿರ್ಯಾರ, ಇದು ಮುಂದಿನ ಡಬ್ಬಿ ನೋಡ್ರಿ” ಎಂದು ಅಂಗಡಿಯವನು ವಿವರಿಸಿದ. “ಮೈಕಿನ ಸಣ್ಣ ದನಿ ಎತ್ತಿ ಕೊಡೂದಷ್ಟ ಇದರ ಕೆಲಸ. ಭೋಂಗಾ ಒದರಬೇಕಂದ್ರ ಇದರ ಹಿಂದ ದೊಡ್ಡ ಡಬ್ಬಿ ಬೇಕ. ಅಕಾ, ಮೇಜಿನ ಕೆಳಗ ಐತಿ. ಎರಡೂ ಜೋಡೀಲೆ ಒಯ್ರಿ. ಒಂದ ಒಯ್ದ್ರ ಕೆಲಸ ಆಗಂಗಿಲ್ಲ.”

ಅಪ್ಪ ನನ್ನ ಕಾಲು ತುಳಿದ. ಬೇಡವೆಂದು ಮುಖ ತಿರುಗಿಸಿ ಬೀದಿಗೆ ಇಳಿದ. ನಾನೂ ಹಿಂದೆ ಹೋದೆ.

“ಕೇಳಿದೇನು? ಜೋಡಿ ಒಯ್ಯಬೇಕಂತ!” ಎಂದು ಪಿಸುಗುಟ್ಟಿದ. “ಒಂಟಿ ಎತ್ತ ಉಳಂಗಿಲ್ಲ ಅಂತ ಹೇಳಿ ಮುದಿ ಎತ್ತ ಗಂಟ ಹಾಕೂ ಮಂದೀನ ನಾ ಎಷ್ಟ ನೋಡೀನಿ. ಹರೇದ್ದು ಮೇಜಿನ ಮ್ಯಾಲೈತಿ. ಅದೊಂದ ಸಾಕು.”

ಇವತ್ತು ನೆನೆದರೆ ನಗು ಬರುತ್ತದೆ. ಆದರೆ ಅಪ್ಪನ ಅನುಭವವೆಲ್ಲ ದನದ ಸಂತೆಯದು, ಮತ್ತು ದನದ ಸಂತೆಯಲ್ಲಿ ಅವನು ಎಂದೂ ಮೋಸ ಹೋಗಿರಲಿಲ್ಲ. ಮೇಜಿನ ಕೆಳಗಿನದು ತುಕ್ಕು ಹಿಡಿದು ನನ್ನ ಕಣ್ಣಿಗೂ ಮುದಿಯಾಗಿಯೇ ಕಂಡಿತು. ಪಾರಿವಾಳ ಹಾರಿದ್ದನ್ನು ಕಣ್ಣಾರೆ ನೋಡಿದ ಮೇಲೆ ಇನ್ನೇನು ಬೇಕು? ಹೌದೆಂದು ತಲೆಯಾಡಿಸಿದೆ.

ಅಪ್ಪ ತಿರುಗಿ ಹೋಗಿ ಹೆಗಲ ಮೇಲಿನ ವಲ್ಲಿ ತೆಗೆದು ತನ್ನ ಕೈಮೇಲೆ ಹೊದಿಸಿ ಮುಂದೆ ಚಾಚಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಬಟ್ಟೆಯ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಹೇಳುತ್ತಾರೆ, ನೋಡುವವರಿಗೆ ತಿಳಿಯಬಾರದೆಂದು. ಅಲ್ಲಿ ನೋಡುವವನು ನಾನೊಬ್ಬನೇ ಇದ್ದೆ. ಅಂಗಡಿಯವನು ಖುಷಿಯಿಂದ ತಂಬಾಕು ಕೊಡವಿ ಕೈ ಒಳಗೆ ಹಾಕಿದ. ವಲ್ಲಿ ಬಹಳ ಹೊತ್ತು ಅಲ್ಲಾಡಿತು. ಅಪ್ಪ ಹುಬ್ಬು ಗಂಟಿಕ್ಕಿದ, ಅವನು ನಾಲಿಗೆ ಕಚ್ಚಿದ, ಕೊನೆಗೆ ಇಬ್ಬರೂ ನಕ್ಕರು. ಎಷ್ಟಕ್ಕೆ ಮುಗಿಯಿತೆಂದು ಅಪ್ಪ ಸಾಯುವವರೆಗೂ ನನಗೆ ಹೇಳಲಿಲ್ಲ. ಅಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು; ಡಬ್ಬಿ, ಮೈಕು, ಬ್ಯಾಟರಿ ಎಲ್ಲ ಕಂಬಳಿಯಲ್ಲಿ ಸುತ್ತಿಕೊಂಡು ಓಡಿದೆವು.

ಮರುದಿನ ಪಡಸಾಲೆಯಲ್ಲಿ ಎಲ್ಲ ಜೋಡಿಸಿದೆ. ಅವ್ವ ಹಪ್ಪಳದ ಡಬ್ಬಿ ಇಳಿಸಿ, ಗ್ರಾಮಫೋನನ್ನು ಸೆರಗಿನಿಂದ ಒರೆಸಿ ತಂದುಕೊಟ್ಟಳು. ಹಬ್ಬಕ್ಕೆ ಉಡುವ ಇಳಕಲ್ಲ ಸೀರೆ ಉಟ್ಟಿದ್ದಳು. ಸ್ಪೀಕರಿನ ಎದುರು ಚಾಪೆ ಹಾಸಿ ಕೂತಳು. ನಾನು ರೆಕಾರ್ಡು ಹಚ್ಚಿ, ಮೈಕು ಹಿಡಿದು, ತಿರುಗಣಿ ತಿರುಗಿಸಿದೆ. ಸ್ಪೀಕರಿನಿಂದ ಸೊಳ್ಳೆಯಷ್ಟು ದನಿ ಬಂತು. ಇನ್ನೂ ತಿರುಗಿಸಿದೆ. ಅಷ್ಟೇ ಬಂತು.

ಅವ್ವ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. “ಸುರು ಮಾಡ್ರಲಾ” ಎಂದಳು.

ಸುರುವಾಗಿ ಅರ್ಧ ಹಾಡು ಮುಗಿದಿತ್ತು. ತಿರುಗುತ್ತಿದ್ದ ರೆಕಾರ್ಡು ಅವಳ ಕಣ್ಣಿಗೆ ಬಿತ್ತು. “ಇರ್ಲಿ ಬಿಡ್ರಿ, ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ” ಎಂದು ಎದ್ದು ಹೋದಳು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಂಗಡಿಯವನು ಹೇಳಿದ್ದು ಖರೇ ಇತ್ತು. ನಾವು ತಂದದ್ದು ದನಿಯನ್ನು ಎತ್ತಿಕೊಡುವ ಡಬ್ಬಿ, ಒದರಿಸುವುದಲ್ಲ.

“ತಿರುಗಿ ಕೊಟ್ಟು ಬರೂಣು ನಡಿ” ಎಂದೆ.

ಅಪ್ಪ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. “ವಲ್ಲಿ ಕೆಳಗ ಕೈ ಕೊಟ್ಟೀನೋ. ಕೊಟ್ಟ ಕೈ ಹಿಂದಕ್ಕ ತಗೋತಾರೇನು? ಹೊಡಕೊಂಡು ಬರೂ ಹಾದ್ಯಾಗ ಎತ್ತು ಮಲಗಿದ್ರೂ ಅದು ನಮ್ಮ ಎತ್ತ.”

ದೊಡ್ಡ ಡಬ್ಬಿಯನ್ನೂ ತರೋಣವೆಂದರೆ ಅದನ್ನು ಅಷ್ಟರಲ್ಲೇ ಒಂದು ಟೂರಿಂಗ್ ಟಾಕೀಸಿನವರು ಒಯ್ದಿದ್ದಾರೆಂದು ರೋಣದ ಮಾಸ್ತರರಿಂದ ತಿಳಿಯಿತು. ಅಲ್ಲಿಗೆ ನಾನು ಕೈಚೆಲ್ಲಿದೆ.

ಮುಂದಿನ ಶನಿವಾರ ಶಾಲೆ ಬಿಟ್ಟು ಹೊರಗೆ ಬಂದರೆ ಬೇವಿನ ಮರದ ಕೆಳಗೆ ಅಪ್ಪ ನಿಂತಿದ್ದ. ಕಂಕುಳಲ್ಲಿ ಅದೇ ಕಂಬಳಿಯ ಗಂಟು.

“ನಡಿ ನರಗುಂದಕ್ಕ” ಎಂದ.

“ತಿರುಗಿ ಕೊಡೂದಿಲ್ಲ ಅಂದಿದ್ದಿ?”

“ಯಾರ ಕೊಡ್ತಾರ ತಿರುಗಿ? ಕೊಸರು ಬಿಟ್ಟ ಬಂದೀವಲ್ಲೋ!”

ಕೊಸರು ಎಂದರೆ ಅಳತೆ ಮುಗಿದ ಮೇಲೆ ಮಾರುವವನು ಮೇಲೆ ಹಾಕುವ ಒಂದು ಹಿಡಿ. ಜೋಳಕ್ಕೆ ಜೋಳ, ಬದನೆಕಾಯಿಗೆ ಕೊತ್ತಂಬರಿ, ಎತ್ತಿಗೆ ಹಗ್ಗವೋ ಗಂಟೆಯೋ. ಅದು ಕೈಗೆ ಬರದೆ ವ್ಯಾಪಾರ ಮುಗಿದಂತೆ ಅಲ್ಲ. ಜೀವಮಾನದಲ್ಲಿ ಮೊದಲ ಸಲ, ಬಸ್ಸಿನ ಗಡಿಬಿಡಿಯಲ್ಲಿ, ಅಪ್ಪ ಕೊಸರು ಕೇಳುವುದನ್ನು ಮರೆತಿದ್ದ. ವಾರವೆಲ್ಲ ಕೂತು ಯೋಚಿಸಿ ಈ ಬಾಗಿಲನ್ನು ಹುಡುಕಿದ್ದ. ಕೊಟ್ಟ ಕೈಯನ್ನು ಹಿಂದೆ ತೆಗೆದುಕೊಳ್ಳದೆ ಆ ಅಂಗಡಿಗೆ ಮತ್ತೆ ಹೋಗಲು ಇದೊಂದೇ ದಾರಿ.

ಕೊಸರಿಗೆಂದು ಗಜೇಂದ್ರಗಡದಿಂದ ಬಂದಿದ್ದೇವೆಂದು ಕೇಳಿ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಎತ್ತಾಗಿದ್ರ ಹಗ್ಗ ಕೊಡ್ತಿದ್ದೆ. ಈ ಡಬ್ಬಿಗೆ ಏನ ಕೊಡ್ಲಿ ಹೇಳ್ರಿ?”

ಅಪ್ಪ ಮನೆಯ ಮಾತನ್ನು ಹೊಸ್ತಿಲ ಹೊರಗೆ ಆಡಿದವನಲ್ಲ. ಅವತ್ತು ನೆಲ ನೋಡುತ್ತ ಹೇಳಿದ: “ನಮ್ಮ ಮನ್ಯಾಕಿಗೆ ಕಿವಿ ಕೇಳೂದಿಲ್ರಿ. ಆಕಿ ಸಲುವಾಗಿ ಒಯ್ದಿದ್ದೆ. ಹೊಸಾ ಸೀರಿ ಉಟ್ಕೊಂಡು ಮುಂದ ಕುಂತಿದ್ಲು. ಕೇಳಸ್ಲಿಲ್ಲ.”

ಹೊಸ ಸೀರೆಯೇನೂ ಅಲ್ಲ. ಆದರೆ ಅವನು ಅದನ್ನು ನೋಡಿದ್ದನೆಂಬುದೇ ನನಗೆ ಗೊತ್ತಿರಲಿಲ್ಲ.

ಅಂಗಡಿಯವನ ನಗು ನಿಂತಿತು. “ಇದನ್ನ ಮೊದಲ ಹೇಳಬಾರದೇನ್ರಿ? ನಾ ಮದವಿ ಮನಿಗೆ ಅಂದ್ಕೊಂಡಿದ್ದೆ. ಒಬ್ಬಾಕಿ ಕಿವಿಗೆ ಭೋಂಗಾ ಯಾಕ ಬೇಕು?” ಎಂದು ಅಟ್ಟ ಹತ್ತಿ ಧೂಳು ತುಂಬಿದ ಒಂದು ವಸ್ತು ತಂದ. ಬಾಗಿದ ಉಕ್ಕಿನ ಪಟ್ಟಿ, ಅದರ ಎರಡು ತುದಿಗೆ ಎರಡು ಕರಿಯ ಬಿಲ್ಲೆ, ನೂಲು ಸುತ್ತಿದ ತಂತಿ. ಯುದ್ಧದ ಕಾಲದಲ್ಲಿ ತಂತಿ ಸುದ್ದಿ ಕೇಳುವವರು ಕಿವಿಗೆ ಹಾಕಿಕೊಳ್ಳುತ್ತಿದ್ದದ್ದಂತೆ. “ಇದನ್ನ ನಡಸಾಕ ದೊಡ್ಡ ಡಬ್ಬಿ ಬ್ಯಾಡ. ನಿಮ್ಮ ಒಂಟಿ ಎತ್ತ ಸಾಕು.”

ತಂತಿಯನ್ನು ನಮ್ಮ ಡಬ್ಬಿಗೆ ಸಿಕ್ಕಿಸಿ, ಅಪ್ಪನ ರುಮಾಲು ತೆಗೆಸಿ, ಬಿಲ್ಲೆಗಳನ್ನು ಕಿವಿಗೆ ಕೂಡಿಸಿದ. ಮೈಕು ಹಿಡಿದು ಅಂಗಡಿಯ ಆ ಮೂಲೆಗೆ ಹೋಗಿ ಬೆನ್ನು ತಿರುಗಿಸಿ ಏನೋ ಪಿಸುಗುಟ್ಟಿದ. ಅಪ್ಪನ ಪಕ್ಕದಲ್ಲಿದ್ದ ನನಗೆ ಅದು ಕೇಳಲಿಲ್ಲ. ಅಪ್ಪ ಬೆಚ್ಚಿ, ಯಾರೋ ಬೆನ್ನ ಹಿಂದೆ ನಿಂತಿದ್ದಾರೆಂಬಂತೆ ತಿರುಗಿ ನೋಡಿದ. ಆಮೇಲೆ ಬಹಳ ಹೊತ್ತು ಆ ಬಿಲ್ಲೆಗಳನ್ನು ತೆಗೆಯಲೇ ಇಲ್ಲ. ಕೊಸರನ್ನು ಎರಡೂ ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿಕೊಂಡ.

ಭಾನುವಾರ ಮಧ್ಯಾಹ್ನ ಅವ್ವನನ್ನು ಕರೆದರೆ ಅವಳು ಒಲ್ಲೆನೆಂದಳು. ಒಮ್ಮೆ ಎಲ್ಲರೆದುರು ಆಸೆಪಟ್ಟು ಕೂತದ್ದೇ ಅವಳಿಗೆ ಸಾಕಾಗಿತ್ತು. ಒತ್ತಾಯ ಮಾಡಿ ಕೂಡಿಸಿದೆ. ಆಗ ಇನ್ನೊಂದು ತೊಡಕು: ಬಿಲ್ಲೆ ಕಿವಿಗೆ ಹತ್ತಬೇಕಾದರೆ ತಲೆಯ ಮೇಲಿನ ಸೆರಗು ಸರಿಸಬೇಕು, ಎದುರಿಗೆ ಅತ್ತೆ. “ಅತ್ತಿ ಮುಂದ ಹ್ಯಾಂಗ ತಗೀಲಿ?” ಎಂದಳು.

“ತಗಿ ತಗಿ, ನಾ ಕಣ್ಣ ಮುಚಗೊಂಡಿರ್ತೀನಿ” ಎಂದು ಆಯಿ ಖರೇನೇ ಕಣ್ಣು ಮುಚ್ಚಿದಳು. ನಾನು ಬಿಲ್ಲೆಗಳನ್ನು ಕೂಡಿಸಿ ಅವುಗಳ ಮೇಲೆ ಸೆರಗು ಹೊದಿಸಿದೆ.

ರೆಕಾರ್ಡು ಹಚ್ಚಿದೆ. ತಿರುಗಣಿಯನ್ನು ಮೆಲ್ಲಗೆ ತಿರುಗಿಸಿದೆ. ಅವ್ವನ ಎರಡೂ ಕೈ ಕಿವಿಗೆ ಹೋದವು.

“ಕೇಳಸ್ತೈತೋ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. “ಹಾಡು ಕೇಳಸ್ತೈತಿ!”

ಆಯಿ ಕಣ್ಣು ತೆಗೆದಳು. ನನ್ನ ಕಣ್ಣು ಮಂಜಾಗಿ ರೆಕಾರ್ಡು ಕಾಣಲಿಲ್ಲ. ಹಾಡು ಮುಗಿದು ಮುಳ್ಳು ಕೆರೆಯತೊಡಗಿದಾಗ ಎಚ್ಚರವಾಗಿ ಅದನ್ನು ಎತ್ತಿದೆ. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಆಚೆ ಗೋಡೆಗೆ ಒರಗಿ ನಿಂತಿದ್ದ ಅಪ್ಪ ಗಂಟಲು ಸರಿಮಾಡಿಕೊಳ್ಳಲು ಸಣ್ಣಗೆ ಕೆಮ್ಮಿದ.

ಅವ್ವ ತಟ್ಟನೆ ತಿರುಗಿದಳು. “ನೀವು ಕೆಮ್ಮಿದ್ರೇನ್ರಿ?”

ಅಪ್ಪ ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡ. “ಆಯಿನ ಕರಕೊಂಡು ಹೊರಗ ಕಟ್ಟಿ ಮ್ಯಾಲ ಕೂಡ್ರು ಹೋಗು” ಎಂದ. ತನ್ನ ಮನೆಯ ಪಡಸಾಲೆಯಿಂದ ತನ್ನನ್ನೇ ಎಬ್ಬಿಸುತ್ತಾನಲ್ಲ ಎಂದು ಆಯಿ ಗೊಣಗಿದಳು. ಗೊಣಗುತ್ತಲೇ ನಗುತ್ತ ನನ್ನ ಹೆಗಲು ಹಿಡಿದು ಎದ್ದಳು.

ಕಟ್ಟೆಯ ಮೇಲೆ ಕೂತೆವು. ಅಪ್ಪನ ದನಿ ಹೊರಗೆ ಚೂರೂ ಬರಲಿಲ್ಲ. ಹಿಂದೆ ಬಾಗಿಲಿಗೆ ಒರಗಿ ಆಡುತ್ತಿದ್ದ ಅದೇ ಸಣ್ಣ ದನಿಯಿರಬೇಕು. ಅವ್ವನ ಉತ್ತರಗಳು ಮಾತ್ರ ಬಂದವು. ಕಿವಿ ಕೇಳದವರು ಎಷ್ಟು ಜೋರಾಗಿ ಮಾತಾಡುತ್ತಾರೆಂದು ಅಪ್ಪ ಲೆಕ್ಕ ಹಾಕಿರಲಿಲ್ಲ.

“ಹೂಂ, ಕೇಳಸ್ತೈತ್ರಿ… ಕರೇ ಎತ್ತಿಗೆ ಏನಾಗಿತ್ತು?… ಅಯ್ಯ! ನನಗ ಯಾರೂ ಹೇಳೇ ಇಲ್ಲ!… ಆಕಿ ಅಂಥಾಕೀನ ಬಿಡ್ರಿ…”

ಪಕ್ಕದ ಮನೆಯ ಮಗ್ಗ ನಿಂತಿತು. ನೇಕಾರ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ನಿನ್ನ ಕೆಲಸ ನೀ ನೋಡಪಾ” ಎಂದು ಆಯಿ ಕೈ ಬೀಸಿದಳು. ಮಗ್ಗ ಮತ್ತೆ ಸುರುವಾಯಿತು.

ಆಮೇಲೆ ಒಳಗೆ ಬಹಳ ಹೊತ್ತು ಅಪ್ಪನೇ ಮಾತಾಡಿರಬೇಕು. ಅವ್ವನ ಹೂಂಗುಟ್ಟುವಿಕೆಯೂ ನಿಂತಿತ್ತು. ಆಯಿ ಏನಾಯಿತೆಂದು ನನ್ನ ಮುಖ ನೋಡಿದಳು. ಆಗ ಅವ್ವನ ದನಿ ಬಂತು, ಜೋರಾಗಿಯೇ, ಆದರೆ ನಡುಗುತ್ತ:

“ಹಂಗಾರ, ನಾ ಇಟಗಿಗೆ ಹ್ವಾದದ್ದಕ್ಕ ನಿಮಗ ಸಿಟ್ಟ ಇದ್ದಿಲ್ಲೇನ್ರಿ?”

ಆಯಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ಏನಂದನೋ ನಮಗೆ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವ್ವ ನಕ್ಕಳು. 

ಆಯಿ ಕೆಮ್ಮಲಿಲ್ಲ.